ನೀರಾವರಿ ಮಂತ್ರಿಯ ಪ್ರಶ್ನೆ

ಹೋದ ವರ್ಷ ಜೂನಿನಲ್ಲಿ, ಉಡುಪಿಯ ಆ ಮಳೆಯಲ್ಲಿ, ನನ್ನ ಮಗಳು ಶಾಲೆಯ ನೀರಾವರಿ ಮಂತ್ರಿಯಾದಳು. ಮೊದಲ ಮೂರು ತಿಂಗಳು ಆಕಾಶವೇ ಅವಳ ಖಾತೆ ನೋಡಿಕೊಂಡಿತು, ಅದು ಬೇರೆ ವಿಷಯ.

ಆರನೇ ಕ್ಲಾಸಿನವರ ಚುನಾವಣೆ ಅಂದರೆ ಸಣ್ಣ ಸಂಗತಿ ಅಲ್ಲ ಮಾರಾಯ್ರೆ. ನಾಮಪತ್ರ, ವಾಪಸು ತೆಗೆಯಲಿಕ್ಕೆ ಒಂದು ದಿನ, ಎರಡು ದಿನ ಪ್ರಚಾರ, ಟೀಚರ ಮೊಬೈಲಿನಲ್ಲಿ ಮತಯಂತ್ರದ ಆ್ಯಪ್. ಬೆರಳಿಗೆ ಮಾರ್ಕರ್ ಪೆನ್ನಿನ ಗೀಟು. ಮೈಸೂರಿನಲ್ಲಿ ಮಾಡುವ ಅಸಲಿ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಇದು ಬಿಸಿಯೂಟಕ್ಕೆ ಕೈ ತೊಳೆಯುವಾಗಲೇ ಹೋಯಿತು ಅಂತ ಅವಳಿಗೆ ಬೇಸರ. ಎದುರು ನಿಂತ ಹುಡುಗ ಚಾಕಲೇಟ್ ಹಂಚುತ್ತಿದ್ದಾನೆ ಎಂದು ದೂರು ಹೇಳಿದವಳು, ಅದೇ ಉಸಿರಿನಲ್ಲಿ ನನ್ನ ಹತ್ತಿರ ಐವತ್ತು ರೂಪಾಯಿ ಕೇಳಿದಳು. ಕೊಟ್ಟೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಕೊಟ್ಟದ್ದು ಹೌದು.

ಗೆದ್ದ ದಿನ ಸಂಜೆ ಬ್ಯಾಗು ಇಳಿಸುವ ಮೊದಲೇ ಕೇಳಿದಳು, "ಅಪ್ಪ, ನಾನು ಗೆದ್ದೆ ಅಲ್ವಾ, ಇನ್ನು ಎಂತ ಮಾಡುದು?"

ನನಗೆ ಉತ್ತರ ಗೊತ್ತಿರಲಿಲ್ಲ. ಶಾಲೆಯಲ್ಲಿಯೂ ಯಾರೂ ಹೇಳಿರಲಿಲ್ಲ. ಪ್ರಮಾಣವಚನದ ಫೋಟೋ ವಾಟ್ಸಾಪ್ ಗುಂಪಿಗೆ ಬಂತು, ಬ್ಯಾಜು ಬಂತು, ಆಮೇಲೆ ಆ ಮಂತ್ರಿಮಂಡಲ ಇಡೀ ವರ್ಷ ಒಂದು ಸಭೆ ಸೇರಲಿಲ್ಲ. ಓಟು ಯಾರಿಗೆ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಚೀಟಿ 7 ಸೆಕೆಂಡು ಕಾಣುತ್ತದೆ, 61ನೇ ತಿದ್ದುಪಡಿಯಿಂದ ಮತದ ವಯಸ್ಸು 21ರಿಂದ 18ಕ್ಕೆ ಇಳಿಯಿತು, ಇದೆಲ್ಲ ಅವಳಿಗೆ ಬಾಯಿಪಾಠ. ಶಾಲೆಯ ನಳ್ಳಿ ಕೆಟ್ಟರೆ ಯಾರಿಗೆ ಬರೆದುಕೊಡಬೇಕು ಎಂಬುದು ಗೊತ್ತಿಲ್ಲ. ಅವಳು ನೀರಾವರಿ ಮಂತ್ರಿ!

ಚುನಾವಣೆ ಬಂದಾಗಲೆಲ್ಲ ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ಮತದಾನ ಜಾಥಾ ಮಾಡಿಸುತ್ತೇವಲ್ಲ, ನಮ್ಮ ಕರಾವಳಿಯಲ್ಲಿ ಅದರ ತುರ್ತು ಎಷ್ಟು? 2024ರ ಲೋಕಸಭಾ ಚುನಾವಣೆಯಲ್ಲಿ ಉಡುಪಿ-ಚಿಕ್ಕಮಗಳೂರಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಮತದಾನ ಶೇ. 77 ದಾಟಿತ್ತು. ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಬೆಳ್ತಂಗಡಿ ತಾಲೂಕಿನ ಬಾಂಜಾರುಮಲೆ ಮತಗಟ್ಟೆಯಲ್ಲಿ ಇದ್ದ 111 ಮತದಾರರೂ ಬಂದು ಓಟು ಹಾಕಿದರು. ನಮ್ಮ ಮನೆಯ ಅಜ್ಜಿ ಗಂಟುನೋವಿನಲ್ಲಿಯೂ ಏಳು ಗಂಟೆಗೆ ಮೊದಲೇ ಸೀರೆ ಉಟ್ಟು ರೆಡಿ. ಓಟು ಹಾಕುವುದನ್ನು ನಮ್ಮ ಮಕ್ಕಳು ಮನೆಯಲ್ಲೇ ನೋಡಿ ಕಲಿಯುತ್ತಾರೆ. ಓಟು ಹಾಕಿದ ಮರುದಿನದಿಂದ ಐದು ವರ್ಷ ಏನು ಮಾಡಬೇಕು ಎಂಬುದನ್ನು ನಮ್ಮನ್ನು ನೋಡಿ ಕಲಿಯುವ ಹಾಗಿಲ್ಲ, ಯಾಕೆಂದರೆ ನಾವು ಏನೂ ಮಾಡುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಬೈಯುತ್ತೇವೆ, ಅಷ್ಟೆ. (ಹೌದು, ಇದೂ ಫೇಸ್‌ಬುಕ್ಕೇ.)

ಇದನ್ನು ಕಲಿಸಲಿಕ್ಕೆ ಜಾಗ ಇಲ್ಲ ಅಂತಲ್ಲ. ವರ್ಷಕ್ಕೊಮ್ಮೆ ಪ್ರತಿ ಗ್ರಾಮ ಪಂಚಾಯತಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಈ ವಿಚಾರದಲ್ಲಿ ನಮ್ಮ ಕುಂದಾಪುರ ಕಡೆಯವರು ಯಾರಿಗೂ ಹಿಂದೆ ಇಲ್ಲ. 1990ರ ದಶಕದಲ್ಲಿಯೇ ಅಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಇತ್ತು, ಮಕ್ಕಳೇ ಆರಿಸಿದ ಮಕ್ಕಳ ಪಂಚಾಯತ್ ಇತ್ತು. ಶಾಲೆಗೇ ಹೋಗದ ಮಕ್ಕಳು ತಮ್ಮೂರಿಗೆ ಏನು ಬೇಕು ಎಂದು ದೊಡ್ಡವರ ಮುಂದೆ ಕೂತು ಮಾತಾಡಿದ್ದರು.

ಹೋದ ವರ್ಷ ಮಗಳ ಜೊತೆ ಒಂದು ಮಕ್ಕಳ ಗ್ರಾಮಸಭೆಗೆ ಹೋದೆ. ದೀಪ, ಸ್ವಾಗತ, ಹೂಗುಚ್ಛ, ಭಾಷಣ, ಇನ್ನೊಂದು ಭಾಷಣ. ಕೊನೆಗೆ ಉಳಿದ ಹತ್ತು ನಿಮಿಷ ಮಕ್ಕಳಿಗೆ. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಹಂಚಿದ್ದರು. ಪಾಸಿನ ಮಕ್ಕಳನ್ನು ಕಂಡರೆ ಬಸ್ಸು ನಿಲ್ಲಿಸುವುದಿಲ್ಲ ಎಂದು ಹೇಳಬೇಕೆಂದಿದ್ದ ನನ್ನ ಮಗಳು, ಚೀಟಿ ನೋಡಿ "ಪರಿಸರ ಸಂರಕ್ಷಣೆಗೆ ಕೈಗೊಂಡ ಕ್ರಮಗಳೇನು" ಎಂದು ಓದಿ ಕೂತಳು. ಚೀಟಿ ಸಿಗದ ಹುಡುಗನೊಬ್ಬ ಹಿಂದಿನಿಂದ ಎದ್ದು ನಿಂತ. "ನಮ್ಮ ಮನೆ ಹತ್ರ ಹಳ್ಳ ದಾಟುವ ಕಾಲುಸಂಕದ ಒಂದು ಹಲಗೆ ಹೋಗಿದೆ. ಮಳೆಗೆ ಮುಂಚೆ ಹಾಕ್ತೀರಾ?"

ಸಭೆಯಲ್ಲಿ ಪಿಟ್ಟೆನ್ನಲಿಲ್ಲ ಯಾರೂ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದದ್ದು ಅಲ್ಲಿ ಎಲ್ಲರಿಗೂ ನೆನಪಿತ್ತು.

ಆ ರಾತ್ರಿ ನಾನು ಮಗಳಿಗೆ ಎರಡು ಶಬ್ದ ಕಲಿಸಿದೆ. ಒಂದು ನಡಾವಳಿ, ಇನ್ನೊಂದು ಅನುಪಾಲನಾ ವರದಿ. ಸಭೆಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬರಬೇಕು, ಬಂದದ್ದಕ್ಕೆ ಏನು ಮಾಡಿದರು ಎಂದು ಮುಂದಿನ ಸಭೆಯಲ್ಲಿ ಓದಬೇಕು. ಉಚ್ಚಾರ ಮಾಡಲಿಕ್ಕೆ ಕಷ್ಟಪಟ್ಟಳು. ಆದರೆ ಶಾಲಾ ಚುನಾವಣೆಗೆ ಕೊಟ್ಟ ಐವತ್ತು ರೂಪಾಯಿಗಿಂತ ಇದು ಒಳ್ಳೆ ಖರ್ಚು ಅನಿಸಿತು.

ಈ ವರ್ಷದ ಸಭೆಯಲ್ಲಿ ಅವಳಿಗೆ ಮತ್ತೆ ಚೀಟಿ ಸಿಕ್ಕಿತು. ಮಡಚಿ ಜೇಬಿಗೆ ಹಾಕಿಕೊಂಡಳು. "ಹೋದ ವರ್ಷ ಸಂಕದ ವಿಷಯ ಕೇಳಿದ್ರು, ಅದರ ಅನುಪಾಲನಾ ವರದಿ ಓದ್ತೀರಾ ಸರ್?" ಪಂಚಾಯತಿನ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಮ್ಮೆ ಅಧ್ಯಕ್ಷರ ಮುಖ ನೋಡಿದರು, ಪುಸ್ತಕ ತರಿಸಿದರು, ಪುಟ ತಿರುವಿದರು. ಸಿಕ್ಕಿದ್ದು ಒಂದೇ ಸಾಲು: "ಕಾಲುಸಂಕದ ಬಗ್ಗೆ ಚರ್ಚಿಸಲಾಯಿತು."

ಆ ಹುಡುಗ ಈ ಸಲ ಮುಂದಿನ ಸಾಲಿನಲ್ಲಿಯೇ ಕೂತಿದ್ದ. "ಅದು ನಾವೇ ಅಡಿಕೆ ಮರ ಕಡಿದು ಹಾಕಿದ್ದೇವೆ ಸರ್," ಎಂದ. "ಅದನ್ನೂ ಬರ್ಕೊಳ್ಳಿ."

ಬರೆದುಕೊಂಡರು. ನಾನು ಎದ್ದು ನಿಂತು ನೋಡಿದೆ.