ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ

ನೆಟ್‌ವರ್ಕ್ ನಿಧಾನವಾದರೆ ಮೊದಲು ವೈರಸ್ಸಿಗೆ ಬೈಗುಳ. ಆಮೇಲೆ ಕೇಬಲ್ಲಿಗೆ. ಕೊನೆಗೆ ಪಾಪದ ರೂಟರನ್ನು ಆಫ್ ಮಾಡಿ ಆನ್ ಮಾಡುತ್ತೇವೆ. ಮೇಲ್ ಕಳಿಸುವ ಸಜ್ಜನರ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

1997ರಲ್ಲಿ ಮೈಕ್ರೋಸಾಫ್ಟ್ ಒಳಗೆ 'ಬೆಡ್ಲಮ್ ಡಿಎಲ್3' ಅಂತ ಒಂದು ಮೇಲಿಂಗ್ ಲಿಸ್ಟ್ ಇತ್ತು, ಅಂದರೆ ಒಂದು ವಿಳಾಸಕ್ಕೆ ಬರೆದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಹೋಗುವಂಥದ್ದು. ಅದರಲ್ಲಿ ಸಾವಿರಾರು ನೌಕರರು. ಒಬ್ಬರು ಅದರಲ್ಲಿ ತಮ್ಮ ಹೆಸರು ನೋಡಿ, 'ನನ್ನ ಹೆಸರು ತೆಗೀರಿ' ಎಂದು ಇಡೀ ಲಿಸ್ಟಿಗೇ ಬರೆದರು. 'ನನ್ನದೂ' ಎಂದರು ಉಳಿದವರು. ಅಷ್ಟರಲ್ಲಿ ತಿಳಿದವರು ಬಂದರು. 'ಎಲ್ಲರಿಗೂ ಉತ್ತರಿಸಬೇಡಿ' ಎಂದು ಎಲ್ಲರಿಗೂ ಉತ್ತರಿಸಿದರು! ಸುಮಾರು ಒಂದೂವರೆ ಕೋಟಿ ಮೆಸೇಜು, 195 ಜಿಬಿ. ಮೇಲ್ ಸರ್ವರ್ (ಮೇಲ್ ಹಂಚುವ ವ್ಯವಸ್ಥೆ) ಮಾರುವ ಕಂಪನಿಯ ಇಮೇಲೇ ಮಕಾಡೆ ಮಲಗಿತು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2016ರಲ್ಲಿ ಒಂದು ಟೆಸ್ಟ್ ಮೇಲ್ ಎಂಟು ಲಕ್ಷಕ್ಕೂ ಜಾಸ್ತಿ ಜನರಿಗೆ ಹೋಯಿತು. ಅಲ್ಲೂ ಜನ ಎಲ್ಲರಿಗೂ ಉತ್ತರಿಸಿದರು. 75 ನಿಮಿಷದಲ್ಲಿ ಸುಮಾರು 50 ಕೋಟಿ ಮೇಲ್ ಓಡಾಡಿದವು. ಟೆಸ್ಟ್ ಪಾಸೋ ಫೇಲೋ, ನೀವೇ ಹೇಳಿ.

ಈಗ ಒಂದು 'ಓಕೆ, ಥ್ಯಾಂಕ್ಸ್' ಮೇಲನ್ನು ಬಿಚ್ಚಿ ನೋಡೋಣ. ವಿಷಯ ಎರಡೇ ಪದ. ಕೆಳಗೆ ಹೆಸರು, ಹುದ್ದೆ, ಬಣ್ಣದ ಲೋಗೋ. ಅದರ ಕೆಳಗೆ 'ಇದು ಗೋಪ್ಯ, ನಿಮಗೆ ಮಾತ್ರ' ಎಂಬ ಎಚ್ಚರಿಕೆ, ಐದು ಸಾವಿರ ಜನರಿಗೆ. 'ಪ್ರಿಂಟ್ ಮಾಡುವ ಮುನ್ನ ಮರಗಳನ್ನು ನೆನೆಯಿರಿ' ಎಂಬ ಹಸಿರು ಸಾಲು ಬೇರೆ. ಇನ್ನೂ ಕೆಳಗೆ, ಇದುವರೆಗಿನ ಅಷ್ಟೂ ಮೇಲ್‌ಗಳ ವಂಶಾವಳಿ. ಇಂಥ ಇಪ್ಪತ್ತು ಥ್ಯಾಂಕ್ಸ್ ಬಂದರೆ ಒಂದು ಲಕ್ಷ ಪ್ರತಿ. ಅಟ್ಯಾಚ್‌ಮೆಂಟ್ ಇದ್ದರಂತೂ ಕೇಳಲೇಬೇಡಿ. ಮೇಲ್ ಮೂಲತಃ ಬರೀ ಅಕ್ಷರ ಸಾಗಿಸಲು ಹುಟ್ಟಿದ್ದು. ಹಾಗಾಗಿ ಫೈಲನ್ನು ಅಕ್ಷರಗಳಾಗಿ ಬದಲಿಸಿ ಕಳಿಸುವುದೇ ರೂಢಿ. ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. ಒಂಬತ್ತು ಎಂಬಿ ಪಿಡಿಎಫ್ ಹನ್ನೆರಡಾಗಿ ಹೊರಡುತ್ತದೆ. ಒಂದು ಲಿಂಕ್ ಕಳಿಸಿದ್ದರೆ ಸಾಕಿತ್ತು, ಅಲ್ವಾ?

ನಿಜ, ಇವತ್ತು ಇಂಟರ್‌ನೆಟ್ಟಿನ ಬಹುಪಾಲು ನುಂಗುವುದು ವಿಡಿಯೊ. ಅದರ ಮುಂದೆ ಮೇಲ್ ಎಷ್ಟರದ್ದು? ಆದರೆ ಒಂದೇ ಸಲ ಲಕ್ಷ ಪ್ರತಿ ಬಂದು ಕ್ಯೂ ನಿಲ್ಲುವುದು ಮೇಲ್ ಸರ್ವರಿನ ಬಾಗಿಲಲ್ಲಿ. ನಿಮ್ಮ ತುರ್ತು ಮೇಲ್ ಆ ಥ್ಯಾಂಕ್ಸ್‌ಗಳ ಹಿಂದೆ ನಿಂತಿರುತ್ತದೆ.

'ನಾನು ರಜೆಯಲ್ಲಿದ್ದೇನೆ' ಎಂದು ತಾನಾಗೇ ಮೇಲ್ ಕಳಿಸುವ ಯಂತ್ರ ಇನ್ನೊಂದು ಯಂತ್ರಕ್ಕೆ ಸುಮ್ನೆ ಉತ್ತರಿಸುತ್ತಾ ಕೂರಬಾರದು ಎಂದು 2004ರಲ್ಲೇ ನಿಯಮ ಬರೆದಿಟ್ಟರು. ಮನುಷ್ಯರಿಗೆ ಬೀಗ ಹಾಕಲು 2020 ಬರಬೇಕಾಯಿತು. ಐದು ಸಾವಿರಕ್ಕೂ ಜಾಸ್ತಿ ಜನರಿಗೆ ಒಂದು ಗಂಟೆಯಲ್ಲಿ ಹತ್ತು 'ರಿಪ್ಲೈ ಆಲ್' (ಎಲ್ಲರಿಗೂ ಉತ್ತರ) ಹೋದರೆ, ಮೈಕ್ರೋಸಾಫ್ಟ್ ತನ್ನ ಮೇಲ್ ಸೇವೆಯಲ್ಲಿ ಆ ಮಾತುಕತೆಯನ್ನು ನಾಲ್ಕು ಗಂಟೆ ತಡೆಯಲು ಶುರು ಮಾಡಿತು. ಆಮೇಲೂ ಉತ್ತರಿಸಲು ಹೋದವರಿಗೆ, ಯಾಕೆ ತಡೆದೆವು ಎಂದು ವಿವರಿಸುವ ಒಂದು ಮೇಲ್ ಬರುತ್ತದೆ.