ಸಿಂಬಾಕುಬ್ವಾಗೆ 1500 ಕೆಜಿ ತೂಕ ಕೊಟ್ಟಿದ್ದು ಯಾರು?

'ಹಿಮಕರಡಿಗಿಂತ ದೊಡ್ಡ ಸಿಂಹ, ತೂಕ 1500 ಕೆಜಿ' ಎಂಬ ಪೋಸ್ಟ್ ಆಗಾಗ ಶೇರ್ ಆಗುತ್ತಲೇ ಇರುತ್ತದೆ. ಅದು ಹೇಳುವುದು ಎಂದೋ ಅಳಿದುಹೋದ ಸಿಂಬಾಕುಬ್ವಾ ಎಂಬ ಪ್ರಾಣಿಯ ಬಗ್ಗೆ. ಸಿಂಬಾಕುಬ್ವಾ ಸಿಂಹವಲ್ಲ. ಬೆಕ್ಕು, ನಾಯಿ, ಕರಡಿ, ಕತ್ತೆಕಿರುಬ ಯಾವುದರ ವಂಶಕ್ಕೂ ಸೇರದ ಹೈನೋಡಾಂಟ್ ಎಂಬ, ಈಗ ಪೂರ್ತಿ ಅಳಿದಿರುವ ಮಾಂಸಾಹಾರಿ ಗುಂಪಿನ ಪ್ರಾಣಿ ಅದು. ಹೋಗಲಿ, ನನ್ನ ದೊಡ್ಡ ತಕರಾರು ಆ ತೂಕದ ಬಗ್ಗೆ.

ಪಳೆಯುಳಿಕೆ ಸಿಕ್ಕಿದ್ದು ಪಶ್ಚಿಮ ಕೆನ್ಯಾದ ಮೆಸ್ವಾ ಬ್ರಿಡ್ಜ್‌ನಲ್ಲಿ. ವಯಸ್ಸು ಸುಮಾರು 2.2 ಕೋಟಿ ವರ್ಷ. ದಶಕಗಳ ಕಾಲ ನೈರೋಬಿ ಮ್ಯೂಸಿಯಂನ ಡ್ರಾಯರ್‌ನಲ್ಲಿದ್ದ ಅದಕ್ಕೆ 2019ರಲ್ಲಿ ಸಂಶೋಧಕರಾದ ಮ್ಯಾಥ್ಯೂ ಬಾರ್ಥ್ಸ್ ಮತ್ತು ನ್ಯಾನ್ಸಿ ಸ್ಟೀವನ್ಸ್ ಹೆಸರಿಟ್ಟರು. ಕೈಯಲ್ಲಿರುವುದು ದವಡೆ, ಹಲ್ಲು, ಪಾದದ ಕೆಲವು ಮೂಳೆ, ಅಷ್ಟೇ.

ಹಲ್ಲಿನಿಂದ ತೂಕ ಹೇಗೆ ತೆಗೆಯುತ್ತಾರೆ? ಈಗ ಬದುಕಿರುವ ಮಾಂಸಾಹಾರಿಗಳ ಮಾಂಸ ಕತ್ತರಿಸುವ ಹಲ್ಲಿನ ಉದ್ದ, ದೇಹದ ತೂಕ ಎರಡರ ಲಾಗ್ (ಲಾಗರಿದಮ್) ತೆಗೆದು ಗ್ರಾಫಿನಲ್ಲಿ ಗೆರೆ ಎಳೆಯುತ್ತಾರೆ. ಪಳೆಯುಳಿಕೆಯ ಹಲ್ಲಿನ ಅಳತೆಯನ್ನು ಆ ಗೆರೆಗೆ ಹಾಕಿ ತೂಕ ಓದುತ್ತಾರೆ. ಎಡವಟ್ಟು ಆಗುವುದು ಇಲ್ಲೇ. ನಾಯಿ, ಬೆಕ್ಕುಗಳ ಕೆಳದವಡೆಯಲ್ಲಿ ಒಂದೊಂದು ಬದಿಗೆ ಅಂಥ ಹಲ್ಲು ಒಂದೇ: ಮೊದಲನೇ ದವಡೆಹಲ್ಲು. ಹೈನೋಡಾಂಟ್‌ಗಳಲ್ಲಿ ಮೂರೂ ದವಡೆಹಲ್ಲುಗಳಿಗೆ ಕತ್ತರಿಯ ಅಲಗು. ಹಿಂದೆ ಹೋದಂತೆ ಹಲ್ಲು ದೊಡ್ಡದು, ಮೂರನೆಯದೇ ಎಲ್ಲಕ್ಕಿಂತ ಉದ್ದ. ಆ ಮೂರನೆಯದನ್ನು ಹುಲಿಯ ಮೊದಲನೆಯದರ ಜಾಗದಲ್ಲಿಟ್ಟು ಲೆಕ್ಕ ಹಾಕಿದರೆ ತೂಕ ಉಬ್ಬದೆ ಇನ್ನೇನಾದೀತು?

ಉಬ್ಬುವುದೂ ಸ್ವಲ್ಪವಲ್ಲ. ತೂಕ ಹೆಚ್ಚುಕಡಿಮೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಹಲ್ಲು ಶೇ 10ರಷ್ಟು ಉದ್ದವಾದರೆ ತೂಕ ಶೇ 33 ಜಾಸ್ತಿ, ಶೇ 20 ಆದರೆ ಶೇ 73 ಜಾಸ್ತಿ. ಅದರ ಮೇಲೆ, ಗೆರೆ ಎಳೆದ ಬೆಕ್ಕಿನ ಜಾತಿಗಳಲ್ಲಿ ಅತಿ ದೊಡ್ಡದಾದ ಹುಲಿಯೇ 300 ಕೆಜಿ ಆಸುಪಾಸಿನದು. ಅದರಾಚೆ ಗೆರೆಯನ್ನು ಟನ್ನಿನವರೆಗೂ ಎಳೆಯುವುದು ಬರೀ ಧೈರ್ಯದ ಕೆಲಸ. ತಲೆಬುರುಡೆಯ ಉದ್ದದಿಂದ ಲೆಕ್ಕ ಹಾಕಿದರೂ ಇದೇ ಪಾಡು. ಇದೇ ಗುಂಪಿನ, ಪೂರ್ತಿ ಅಸ್ಥಿಪಂಜರ ಸಿಕ್ಕಿರುವ ಹೈನೋಡಾನ್ ಎಂಬ ಪ್ರಾಣಿಯನ್ನು ನೋಡಿ, ಮೈಗೆ ಹೋಲಿಸಿದರೆ ತಲೆ ತೀರಾ ದೊಡ್ಡದು.

ಸಂಶೋಧಕರೇನೂ ಇದನ್ನು ಮುಚ್ಚಿಟ್ಟಿಲ್ಲ. ಅವರದೇ ಪ್ರಬಂಧದಲ್ಲಿ ಬೇರೆ ಬೇರೆ ಸೂತ್ರಗಳಿಂದ ಬಂದ ಉತ್ತರಗಳು ಸುಮಾರು 280 ಕೆಜಿಯಿಂದ 1500 ಕೆಜಿವರೆಗೂ ಹರಡಿಕೊಂಡಿವೆ. ಸುದ್ದಿಮನೆಗಳು ಮೇಲಿನ ತುದಿಯನ್ನಷ್ಟೇ ಎತ್ತಿಕೊಂಡವು.

ಭಾರ ಹೊರುವುದು ಕಾಲು, ಹಲ್ಲಲ್ಲ. ತೊಡೆಮೂಳೆಯದೋ ಮುಂಗಾಲಿನ ಮೇಲ್ಮೂಳೆಯದೋ ನಡುಭಾಗದ ಸುತ್ತಳತೆ ಸಿಕ್ಕಿದರೆ ಅಂದಾಜು ಎಷ್ಟೋ ಬಿಗಿಯಾಗುತ್ತದೆ. ಆದರೆ ಗಟ್ಟಿ ಎನಾಮೆಲ್ ಇರುವ ಹಲ್ಲು ಉಳಿದಷ್ಟು ಕಾಲುಮೂಳೆ ಉಳಿಯುವುದಿಲ್ಲ. ನಮ್ಮ ಉಪಖಂಡದ ಶಿವಾಲಿಕ್ ಬೆಟ್ಟಗಳ ಶಿಲಾಪದರಗಳಿಂದ ಭೂವಿಜ್ಞಾನಿ ಪಿಲ್‌ಗ್ರಿಮ್ 1910ರಲ್ಲಿ ಹೆಸರಿಸಿದ ಡಿಸ್ಸೋಪ್ಸಾಲಿಸ್, ಈ ಗುಂಪಿನ ಕೊನೆಯ ಕೊಂಡಿಗಳಲ್ಲಿ ಒಂದು. ಅದರದ್ದೂ ಸಿಕ್ಕಿರುವುದು ಹೆಚ್ಚಾಗಿ ದವಡೆ, ಹಲ್ಲುಗಳೇ.