ಮುರಿದ ಗೇರನ್ನು ಯಾರಾದರೂ ಇಟ್ಕೋತಾರಾ?

ಮೆಲ್ಬರ್ನಿನಲ್ಲಿ, ಕಾರಿನ ಎಂಜಿನ್ ಪಾರ್ಟು ಮಾಡುವ ಈಗಿನ ಕೆಲಸಕ್ಕೆ ಸೇರಿದ ಎರಡನೇ ವಾರ. ನಾನು ಬಿಡಿಸಿದ್ದ ಗೇರಿನ ಡ್ರಾಯಿಂಗನ್ನು ಯಜಮಾನರು ಒಂದು ನಿಮಿಷ ನೋಡಿದರು. ಜಾಗ ಇದ್ದಷ್ಟೂ ದಪ್ಪ ಮಾಡಿದ್ದೆ, ಒಳ್ಳೆ ಉಕ್ಕು ಹಾಕಿದ್ದೆ, ಗಡಸುತನವನ್ನೂ ಏರಿಸಿದ್ದೆ. ಭೇಷ್ ಅಂತಾರೆ ಅಂದುಕೊಂಡು ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: "ಮುರಿದದ್ದನ್ನು ನೋಡಿದ್ದೀಯಾ?"

ಇಲ್ಲ ಅಂದೆ. ಬಾ ಅಂತ ಕರೆದುಕೊಂಡು ಹೋಗಿ ಒಂದು ಉಕ್ಕಿನ ಡ್ರಾಯರ್ ಎಳೆದರು. ಒಳಗೆ ಸಾಲಾಗಿ ಪ್ಲಾಸ್ಟಿಕ್ ಕವರ್‌ಗಳು. ಒಂದೊಂದರಲ್ಲೂ ಒಂದೊಂದು ಒಡೆದ ಗೇರು, ಕೆಲವು ಎರಡು ಹೋಳು, ಕೆಲವು ಐದು. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಯಾವ ಕಾರು, ಎಷ್ಟು ಓಡಿತ್ತು, ಯಾವ ಆಯಿಲ್, ಮುರಿಯುವಾಗ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು. "ಮೊದಲು ಇದನ್ನು ಓದು. ಆಮೇಲೆ ಡ್ರಾಯಿಂಗ್" ಅಂದು ಟೀ ಕುಡಿಯಲು ಹೋದರು.

ಮುಖಕ್ಕೆ ಹೊಡೆದ ಹಾಗಾಯಿತು. ಯಾಕಂದ್ರೆ ನಾನು ಬೆಳೆದಿದ್ದೇ ಲೇತ್ ಸದ್ದಿನಲ್ಲಿ. ನಮ್ಮ ಮಾವನದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಅಂಗಡಿ. ಎರಡು ಲೇತು, ಒಂದು ಮಿಲ್ಲಿಂಗ್, ಒಂದು ಹಳೇ ಡ್ರಿಲ್ಲಿಂಗ್ ಮಷಿನ್. ಬೇಸಿಗೆ ರಜೆ ಪೂರ್ತಿ ಅಲ್ಲೇ. ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನೋ ಜಂಬ ಇತ್ತು. ಆದರೆ ಮುರಿದ ಪಾರ್ಟನ್ನು ಜೋಪಾನ ಮಾಡಿ ಇಟ್ಟಿದ್ದನ್ನು ನಾನು ಆ ಅಂಗಡಿಯಲ್ಲಿ ಒಂದು ದಿನವೂ ನೋಡಿರಲಿಲ್ಲ. ಇಡುವುದಾದರೂ ಹೇಗೆ? ಆಯುಧ ಪೂಜೆಗೆ ಎರಡು ದಿನ ಇದೆ ಅನ್ನುವಾಗಲೇ ಗುಜರಿಯವನಿಗೆ ಫೋನ್ ಹೋಗುತ್ತದೆ. ತುಂಡು, ಲೇತಿನ ಚೂರು, ಸವೆದ ಬೇರಿಂಗು ಎಲ್ಲಾ ತಕ್ಕಡಿಗೆ. ಆ ದುಡ್ಡಿನಲ್ಲಿ ಹುಡುಗರಿಗೆ ಸ್ವೀಟ್ ಬಾಕ್ಸು. ಒಡೆದದ್ದನ್ನು ಇಟ್ಟುಕೊಂಡರೆ ದರಿದ್ರ ಅಂತ ಅತ್ತೆ ಬೇರೆ ಬೈಯುತ್ತಿದ್ದರು.

ಇಲ್ಲಿ ನಾವು ಮಾಡುವುದು ಹಳೇ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರುಗಳ ಎಂಜಿನ್ ಪಾರ್ಟು. ಮುಖ್ಯವಾಗಿ ಆಯಿಲ್ ಪಂಪಿನ ಗೇರು. 1989ರಲ್ಲಿ ಬಂದ ಆರ್32 ಕಾರು, ಅದರಲ್ಲಿ ಆರ್‌ಬಿ26 ಅನ್ನೋ 2.6 ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೋ ಇರುವ ಎಂಜಿನ್. ಆಸ್ಟ್ರೇಲಿಯಾದವರೇ ಇದಕ್ಕೆ 'ಗಾಡ್ಜಿಲ್ಲಾ' ಅಂತ ಹೆಸರಿಟ್ಟರು. 1991 ಮತ್ತು 1992ರಲ್ಲಿ ಇಲ್ಲಿನ ಹೆಸರಾಂತ ಬಾಥರ್ಸ್ಟ್ ಕಾರ್ ರೇಸ್ ಗೆದ್ದಿದ್ದು ಇದೇ ಕಾರು. ಎರಡನೇ ಸಲ ಜೋರು ಮಳೆ. ಜಾರಿ ಗುದ್ದಿಕೊಂಡಿದ್ದ ಕಾರಿಗೇ ಗೆಲುವು ಕೊಟ್ಟರು ಅಂತ ಜನ ರೊಚ್ಚಿಗೆದ್ದು ಕೂಗಾಡಿದರಂತೆ. ನಮ್ಮ ಯಜಮಾನರು ಇಲ್ಲಿನದೇ ಕಾರು ಕಂಪನಿ ಹೋಲ್ಡನ್ನಿನ ಅಭಿಮಾನಿ, ಕೂಗಿದವರಲ್ಲಿ ಅವರೂ ಒಬ್ಬರು. ಈಗ ಅದೇ ಕಾರಿನಿಂದ ಅವರ ಮನೆ ನಡೆಯುತ್ತಿದೆ, ನಂದೂ.

ಆ ಎಂಜಿನ್ನಿನ ಕಥೆ ಹೀಗೆ. ಆಯಿಲ್ ಪಂಪಿನ ಒಳಗಿನ ಗೇರು ಸೀದಾ ಕ್ರ್ಯಾಂಕಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ಶಾಫ್ಟಿನ, ಮೂತಿಯ ಮೇಲೆ ಕೂತಿರುತ್ತದೆ. ಕ್ರ್ಯಾಂಕಿಗೆ ಎರಡು ಕಡೆ ಚಪ್ಪಟೆ ಕೆತ್ತಿದ್ದಾರೆ, ಆ ಚಪ್ಪಟೆಯೇ ಗೇರನ್ನು ತಿರುಗಿಸಬೇಕು. ಮೊದಮೊದಲ ಎಂಜಿನ್‌ಗಳಲ್ಲಿ ಆ ಹಿಡಿತದ ಅಗಲ ತೀರಾ ಕಮ್ಮಿ. ಆಮೇಲೆ ಕಂಪನಿಯೇ ಅಗಲ ಮಾಡಿತು. ಇನ್ನು ಕ್ರ್ಯಾಂಕು ನಾವು ಅಂದುಕೊಂಡ ಹಾಗೆ ನುಣ್ಣಗೆ ತಿರುಗುವುದಿಲ್ಲ. ಒಂದೊಂದು ಸಿಲಿಂಡರ್ ಉರಿದಾಗಲೂ ಒಂದು ತಳ್ಳು. ಹಿಂಡಿದ ಬಟ್ಟೆ ಹಾಗೆ ಚೂರು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ನಿಮಿಷಕ್ಕೆ 8000 ಸುತ್ತಿನ ಹತ್ತಿರ ಇದು ಸುತ್ತಿಗೆ ಏಟೇ ಸರಿ. ರೆವ್ ಲಿಮಿಟರ್‌ಗೆ (ಎಂಜಿನ್ ಅದಕ್ಕಿಂತ ಜೋರಾಗಿ ತಿರುಗದ ಹಾಗೆ ತಡೆಯುವ ಮಿತಿಗೆ) ತಾಗಿಸಿ ಹಿಡಿದರಂತೂ ಕೇಳಲೇಬೇಡಿ.

ಕಂಪನಿಯ ಗೇರು ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಟ್ಟಿದ್ದು. ಕೆಟ್ಟದ್ದೇನಲ್ಲ. 280 ಕುದುರೆ ಶಕ್ತಿಗೆ, ಆಫೀಸಿಗೆ ಹೋಗಿ ಬರುವ ಕಾರಿಗೆ ಸಾಕು. ಇಲ್ಲಿನ ಹುಡುಗರು ಅದರ ಎರಡರಷ್ಟು ಶಕ್ತಿ ಎಬ್ಬಿಸಿಕೊಂಡು ಸ್ಯಾಂಡೌನ್ ಟ್ರ್ಯಾಕಿಗೆ ಹೋಗುತ್ತಾರೆ. ಆಗ ಅದು ಅಚ್ಚು ಬೆಲ್ಲದ ಹಾಗೆ ಒಡೆಯುತ್ತದೆ. ಬಾಗುವುದು, ಸವೆಯುವುದು ಏನೂ ಇಲ್ಲ, ಫಟ್ ಅಂತ ಹೋಳು. ಆಯಿಲ್ ನಿಂತರೆ ಬೇರಿಂಗ್ ಕಚ್ಚಿಕೊಳ್ಳಲು ಎಷ್ಟು ಹೊತ್ತು? ಗೇಜಿನ ಮುಳ್ಳು ಬಿದ್ದಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಎಂಜಿನ್ ಖತಂ.

ಹಾಗಾದರೆ ಗಟ್ಟಿ ಉಕ್ಕಿನಲ್ಲಿ ಮಾಡಿದರಾಯಿತು ಅಲ್ವಾ? ನಾನೂ ಅದನ್ನೇ ಮಾಡಿದ್ದು. ಡ್ರಾಯರಿನ ಮೂಲೆಯಲ್ಲಿ ಅದಕ್ಕೂ ಉತ್ತರ ಇತ್ತು. ಯಾರೋ ಜಾಸ್ತಿ ಗಡಸು ಮಾಡಿದ ಗೇರು, ಹಲ್ಲು ಚಕ್ಕೆ ಎದ್ದಿತ್ತು. ಅದರ ಪಕ್ಕದ ಕವರಿನಲ್ಲಿ ಒಂದು ಫೋಟೋ. ಗೇರು ಸರಿಯಾಗೇ ಇದೆ, ಕ್ರ್ಯಾಂಕಿನ ಚಪ್ಪಟೆ ತಿಂದು ಹೋಗಿದೆ. ಒಂದನ್ನು ಬಲ ಮಾಡಿದರೆ ಏಟು ಪಕ್ಕದವನ ಮೇಲೆ ಬೀಳುತ್ತದೆ. ಅದಕ್ಕೇ ಈಗ ಒಳಗಡೆ ಬಳುಕುವ ಉಕ್ಕು, ಮೇಲ್ಮೈಗೆ ಮಾತ್ರ ನೈಟ್ರೈಡಿಂಗ್, ಅಂದರೆ ಬಿಸಿಯಲ್ಲಿ ನೈಟ್ರೋಜನ್ ಹೊಗಿಸಿ ಮೇಲ್ಪದರ ಗಡಸು ಮಾಡುವುದು. ನಮ್ಮ ಕಡೆ ಇಎನ್ 24 ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಉಕ್ಕು. ಹಿಡಿತ ಕಮ್ಮಿ ಇರುವ ಹಳೇ ಕ್ರ್ಯಾಂಕಿಗೆ ಬಿಸಿ ಮಾಡಿ ಕೂರಿಸುವ ಅಗಲವಾದ ಕಾಲರ್, ಬಳೆಯ ಹಾಗೆ. ಪಂಪಿನ ಮೈ ಅಲ್ಯೂಮಿನಿಯಂ, ಬಿಸಿಗೆ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಸಂದು ಎಷ್ಟು ಬಿಡಬೇಕು ಅನ್ನೋದೇ ದೊಡ್ಡ ತಲೆನೋವು. ಕೂದಲೆಳೆಯಷ್ಟು ಜಾಸ್ತಿಯಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಆಯಿಲ್ ಪ್ರೆಷರ್ ಬೀಳುತ್ತದೆ.

ಇದನ್ನೆಲ್ಲ ಕಲಿಯುವಾಗ ನನಗೆ ನೆನಪಾಗುತ್ತಿದ್ದುದು ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ತೋಟದವರು. ಅವರ ಪವರ್ ಟಿಲ್ಲರಿನ ಶಾಫ್ಟ್ ಒಂದು ಮುರಿದಿತ್ತು. ಮಾವ ಮಧ್ಯಾಹ್ನದೊಳಗೆ ಹೊಸದು ಮಾಡಿಕೊಟ್ಟರು. ಮುಂದಿನ ಮಳೆಗಾಲಕ್ಕೆ ಮತ್ತೆ ಬಂದರು, ಮತ್ತೆ ಮಾಡಿಕೊಟ್ಟರು. ಮೂರನೇ ಸಲ ಮಾವನಿಗೂ ರೋಸಿ ಹೋಗಿ, "ಈ ಸಲ ಆನೆ ಎಳೆದರೂ ಮುರಿಯಲ್ಲ ಕಣ್ರೀ" ಅಂತ ದಪ್ಪ ಶಾಫ್ಟ್ ಹಾಕಿದರು. ಶಾಫ್ಟ್ ಮುರಿಯಲಿಲ್ಲ. ಗೇರ್ ಬಾಕ್ಸೇ ಸೀಳಿತು. ಮೊದಲು ಮುರಿದ ಎರಡೂ ಶಾಫ್ಟನ್ನು ಅಕ್ಕಪಕ್ಕ ಇಟ್ಟು ಐದು ನಿಮಿಷ ನೋಡಿದ್ದರೆ ಸಾಕಿತ್ತು. ಎಲ್ಲಿಂದ ನೋಡೋದು? ಎರಡೂ ಭದ್ರಾವತಿಯ ಯಾವುದೋ ಕುಲುಮೆಯಲ್ಲಿ ಕರಗಿ ಎಷ್ಟು ಕಾಲ ಆಗಿತ್ತೋ.

ನನಗೆ ಸಿಟ್ಟು ಬರೋದು ಇಲ್ಲೇ. ನಮ್ಮವರಿಗೆ ಕೈಯಲ್ಲಿ ಕೆಲಸ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಏನು ಕೊಟ್ಟರೂ ಸಂಜೆಯೊಳಗೆ ಮಾಡಿಕೊಡುತ್ತಾರೆ. ಆದರೆ 'ಯಾಕೆ ಹೋಯ್ತು' ಅಂತ ಕೇಳಿದರೆ 'ಹೋಯ್ತು, ಬಿಡಿ ಸಾರ್' ಅಂತಾರೆ. ಕಬ್ಬಿಣದ ಹಣೆಬರಹ ಅನ್ನೋ ಹಾಗೆ. ಇಲ್ಲಿ ಗಿರಾಕಿ ಒಬ್ಬ ತನ್ನ ತಪ್ಪಿನಿಂದಲೇ ಗೇರು ಒಡೆದುಕೊಂಡು, ಅದನ್ನು ಪೇಪರಿನಲ್ಲಿ ಸುತ್ತಿ ಪೋಸ್ಟಿನಲ್ಲಿ ಕಳಿಸಿದ್ದ. 'ರೆವ್ ಲಿಮಿಟರ್ ಮೇಲೆ ಹಿಡಿದಿದ್ದೆ, ನಂದೇ ತಪ್ಪು' ಅಂತ ಕಾಗದ ಬೇರೆ. ದುಡ್ಡು ವಾಪಸ್ ಕೇಳಿರಲಿಲ್ಲ. ನಿಮಗೆ ಉಪಯೋಗ ಆಗಬಹುದು ಅಂತ ಕಳಿಸಿದ್ದನಂತೆ! ಆ ಗೇರಿನ ನಂಬರ್ ನೋಡಿ, ಯಾವ ಉಕ್ಕಿನ ಸರಳಿನಿಂದ ಕತ್ತರಿಸಿದ್ದು, ಯಾವ ದಿನ ನೈಟ್ರೈಡಿಂಗಿಗೆ ಹೋಗಿತ್ತು ಅಂತ ಹುಡುಕಿ ತೆಗೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ಮಾವನ ಅಂಗಡಿಯಲ್ಲಿ ನಂಬರ್ ಇರುವುದು ಕ್ಯಾಲೆಂಡರಿನ ಹಿಂದೆ ಬರೆದ ಫೋನ್ ನಂಬರ್ ಒಂದೇ.

ಕಳೆದ ಸಲ ಊರಿಗೆ ಹೋದಾಗ ಇದನ್ನೇ ಮಾವನ ಹತ್ತಿರ ಸ್ವಲ್ಪ ಜೋರಾಗೇ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದರು: "ನಿಮ್ಮ ಗಿರಾಕಿಗೆ ಕಾರು ಯಾವಾಗ ಬೇಕು ಮಾರಾಯ?" ಮೂರು ತಿಂಗಳಾದರೂ ಕಾಯ್ತಾರೆ ಅಂದೆ. ಹೌದು, ಭಾನುವಾರದ ಕಾರು ಅದು. "ನಮ್ಮವರಿಗೆ ಸಂಜೆಗೇ ಬೇಕು. ಗಾಡಿ ನಿಂತರೆ ಕಂತು ಯಾರು ಕಟ್ತಾರೆ?" ನಾನು ಸುಮ್ಮನಾದೆ. ನಮ್ಮ ಒಂದು ಜೊತೆ ಗೇರಿನ ಬೆಲೆ ಮಾವನ ಅಂಗಡಿ ಹುಡುಗನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಆ ಬೆಲೆಯಲ್ಲಿ ಡ್ರಾಯರಿನ ಬಾಡಿಗೆಯೂ ಸೇರಿದೆ, ಚೀಟಿ ಬರೆಯುವ ನನ್ನ ಸಂಬಳವೂ ಸೇರಿದೆ. ಟಿಲ್ಲರಿನವರ ಹತ್ತಿರ ಅದನ್ನು ಕೇಳೋಕೆ ಆಗುತ್ತಾ? ಅದೂ ಅಲ್ಲದೆ ಇಲ್ಲಿಯೂ ಇದೇನು ಗಾಳಿಯಲ್ಲಿ ಬಂದ ಶಿಸ್ತಲ್ಲ. ಯಜಮಾನರು ಅರ್ಧ ಆಯಸ್ಸು ಕಾರು ಫ್ಯಾಕ್ಟರಿಯಲ್ಲಿ ಟೂಲ್ ಮೇಕರ್ ಆಗಿದ್ದವರು. 2016-17ರಲ್ಲಿ ಫೋರ್ಡ್, ಟೊಯೋಟಾ, ಹೋಲ್ಡನ್ ಮೂರೂ ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿದವು. ಮುರಿದದ್ದನ್ನು ಚೀಟಿ ಬರೆದು ಇಡುವ ಅಭ್ಯಾಸ ಅವರಿಗೆ ಬಂದಿದ್ದು ಫ್ಯಾಕ್ಟರಿಯಿಂದಲೇ. ಅವರ ಮಗ ರಿಯಲ್ ಎಸ್ಟೇಟಿನಲ್ಲಿದ್ದಾನೆ.

ಹೋದ ತಿಂಗಳು ಹೊಸದಾಗಿ ಬಂದ ಒಂದು ಒಡೆದ ಗೇರಿನ ಫೋಟೋವನ್ನು ಸುಮ್ನೆ ಮಾವನಿಗೆ ವಾಟ್ಸಾಪ್ ಮಾಡಿದೆ. ಏನೂ ಬರೆದಿರಲಿಲ್ಲ. ಅರ್ಧ ಗಂಟೆಗೆ ವಾಯ್ಸ್ ಮೆಸೇಜ್ ಬಂತು, ಹಿಂದೆ ಲೇತ್ ಸದ್ದು.

"ಇದು ಒಂದೇ ಏಟಿಗೆ ಹೋಗಿದ್ದಲ್ಲ ಮರಿ. ಕುಟ್ಟಿ ಕುಟ್ಟಿ ಹೋಗಿದ್ದು. ಚಪ್ಪಟೆ ಮುಗಿದು ಗುಂಡಗೆ ಶುರು ಆಗುತ್ತಲ್ಲ, ಆ ಒಳಮೂಲೆ ಚೂಪು ಬಿಟ್ಟಿದ್ದಾರೆ ನೋಡು. ಬಿರುಕು ಅಲ್ಲಿಂದ ಎದ್ದಿದೆ. ನೀನೂ ನಿನ್ನ ಗೇರಿಗೆ ಹಾಗೇ ಬಿಟ್ಟಿದ್ದೀಯಾ?"

ಮಾರನೇ ದಿನ ಬೇಗ ಹೋಗಿ ಡ್ರಾಯಿಂಗ್ ತೆಗೆದೆ. ಮೂಲೆಗೆ ರೇಡಿಯಸ್ ಕೊಟ್ಟಿದ್ದೆ, ಸದ್ಯ. ಆದರೆ ಅರ್ಧ ಮಿಲಿಮೀಟರ್ ಮಾತ್ರ. ಅದನ್ನು ಒಂದು ಮಾಡಿ, ಯಜಮಾನರು ಬರುವಷ್ಟರಲ್ಲಿ ಪ್ರಿಂಟ್ ತೆಗೆದಿಟ್ಟೆ. ಯಾಕೆ ಬದಲಾಯಿಸಿದೆ ಅಂತ ಬರೆಯುವ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಕೊನೆಗೆ 'ಶಿವಮೊಗ್ಗ' ಅಂತ ಬರೆದೆ.